ಕಪ್ಪು ಟೇಪಿನ ಕಿವಿ

ಮಿಲ್ವಾಕಿ
ಮಾರ್ಚ್ 6, 1994

ದೋನ್ಯಾ ಗೇನ್ಯಾ ಅವರಿಗೆ,

ನಿಮ್ಮ ಮಣಿಕಟ್ಟಿನ ಮೂಳೆ ಕೂಡಿಕೊಂಡಿತೇ? ಟೂಸಾನಿನ ಬಿಸಿಲಿಗೆ ಎಂಥ ಮೂಳೆಯೂ ಬೇಗ ಗುಣವಾಗುತ್ತದಂತೆ. ನಿಮ್ಮ ತಂಗಿ ಸ್ತಾಸ್ಯಾ ನಿಮ್ಮನ್ನು ಪಾತ್ರೆ ತೊಳೆಯಲು ಬಿಡುತ್ತಿಲ್ಲ ಎಂದು ನಂಬಿದ್ದೇನೆ. ಇಲ್ಲಿ ಹಿಮ ಇನ್ನೂ ಕರಗಿಲ್ಲ. ಅಂಗಳದ ಲೈಲಾಕ್ ಗಿಡದ ಒಂದು ಕೊಂಬೆ ಹಿಮದ ಭಾರಕ್ಕೆ ಸೀಳಿತು. ನನ್ನ ಗಂಡನ ಬುದ್ಧಿ ನಿಮಗೆ ಗೊತ್ತಲ್ಲ, ಎಲಾದಿಯೋ ತನ್ನ ಹಳೆಯ ಅಂಗಿ ಹರಿದು ಅದಕ್ಕೆ ಪಟ್ಟಿ ಕಟ್ಟಿದ್ದಾನೆ.

ಈ ಕಾಗದವನ್ನು ಕದ್ದು ಬರೆಯುತ್ತಿದ್ದೇನೆ. ನಮ್ಮ ದಲ್ಲಾಳಿ ಗ್ರೇಬೆಲ್ "ಕೊಳ್ಳೋರು ಮಾರೋರು ನೇರ ಮಾತಾಡಿದ್ರೆ ವ್ಯವಹಾರ ಕೆಡುತ್ತೆ, ಏನಿದ್ರೂ ನನ್ನ ಮೂಲಕ ಹೋಗ್ಲಿ" ಎಂದು ಕಟ್ಟಪ್ಪಣೆ ಮಾಡಿದ್ದಾನೆ. ಐದು ವರ್ಷ ಮೇಲ್ಮನೆಯಲ್ಲಿದ್ದು ನಿಮ್ಮ ತಲೆಯ ಮೇಲೆ ನಡೆದಾಡಿದ ಬಾಡಿಗೆಯವಳು ನಾನು, ನಮ್ಮ ಸ್ಪ್ಯಾನಿಷಿನಲ್ಲಿ ಹಿರಿಯರನ್ನು ಕರೆಯುವಂತೆ ನಿಮ್ಮನ್ನು ದೋನ್ಯಾ ಎಂದೇ ಕರೆದವಳು. ಈಗ ನಿಮ್ಮ ಹತ್ತಿರ ಮಾತಾಡಲು ಗ್ರೇಬೆಲ್ ಬೇಕೇ? ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ, ಅದಕ್ಕೇ ಕಾಗದ.

ನೀವು ಮನೆಯನ್ನು ನಮಗೇ ಮಾರಲು ಒಪ್ಪಿದಿರಿ. ಆ ದಿನ ನಾನು ಮೆಟ್ಟಿಲ ಮೇಲೆ ಕುಳಿತು ಅತ್ತೆ, ನಿಮಗೆ ಗೊತ್ತಿಲ್ಲ. ಆದರೆ ಮನೆಯ ಪರೀಕ್ಷೆ ಆಗದೆ ಸಾಲ ಇಲ್ಲ ಎಂದಿತು ಬ್ಯಾಂಕು. ಮೊನ್ನೆ ಪರೀಕ್ಷಕ ಬಂದಿದ್ದ. ಟಾರ್ಚು ಹಿಡಿದು ನೆಲಮಾಳಿಗೆಯಿಂದ ಅಟ್ಟದವರೆಗೆ ಓಡಾಡಿದ. ಮುಂದಿನ ಮರದ ಮೆಟ್ಟಿಲು ಕೊಳೆತಿದೆಯಂತೆ, ಚಿಮಣಿಯ ಒಳಗೋಡೆ ಬಿರಿದಿದೆಯಂತೆ, ನೆಲಮಾಳಿಗೆಯ ತಂತಿಗಳು ಅಪಾಯವಂತೆ. ಸ್ನಾನದ ತೊಟ್ಟಿ ತುಂಬಿಸಿ ಒಮ್ಮೆಗೇ ಬಿಟ್ಟ. ನೆಲಮಾಳಿಗೆಯ ಮೋರಿಯಲ್ಲಿ ನೀರು ಉಕ್ಕಿತು. ಅಂಗಳದ ಕೆಳಗಿನ ಚರಂಡಿ ಕೊಳವೆ ಎಲ್ಲೋ ಒಡೆದಿದೆ ಎಂದ.

ಇದಕ್ಕೆಲ್ಲ ಸೇರಿ ಬೆಲೆಯಲ್ಲಿ ನಾಲ್ಕು ಸಾವಿರದ ಎಂಟುನೂರು ಡಾಲರ್ ಇಳಿಸಬೇಕೆಂದು ಗ್ರೇಬೆಲ್ ನಾಳೆ ಕೇಳಲಿದ್ದಾನೆ. ರಿಪೇರಿಯ ಕ್ರೆಡಿಟ್ ಎನ್ನುತ್ತಾನೆ ಅದನ್ನು. ಸುಳ್ಳು ಹೇಳುವುದಿಲ್ಲ, ನಮಗೆ ಅದು ಬೇಕು. ಮುಂಗಡ ಕಟ್ಟಿದ ಮೇಲೆ ಒಂದು ಮೊಳೆ ಕೊಳ್ಳಲೂ ನಮ್ಮಲ್ಲಿ ಏನೂ ಉಳಿಯುವುದಿಲ್ಲ. ಆದರೆ ಈ ಮಾತು ನಿಮಗೆ ಮೊದಲು ನನ್ನ ಬಾಯಿಂದ ಬರಲಿ ಎಂದು ಬರೆದೆ.

ನಿಮ್ಮ
ಓಫೇಲಿಯಾ ಬರ್ರಗಾನ್

*

ಟೂಸಾನ್
ಮಾರ್ಚ್ 14, 1994

ಶ್ರೀಮತಿ ಬರ್ರಗಾನ್ ಅವರಿಗೆ,

ನಿಮ್ಮ ಕಾಗದವೂ ನಿಮ್ಮ ಪರೀಕ್ಷಕರ ವರದಿಯೂ ಒಂದೇ ದಿನ ತಲುಪಿದವು. ವರದಿ ಇಪ್ಪತ್ತೆರಡು ಪುಟ ಇದೆ. ನನ್ನ ಗಂಡ ತೀರಿಕೊಂಡಾಗ ಪತ್ರಿಕೆಯಲ್ಲಿ ಅವನ ಬಗ್ಗೆ ಬಂದದ್ದು ನಾಲ್ಕು ಸಾಲು. ಈಗ ಯಾರೋ ಪುಣ್ಯಾತ್ಮ ಇಪ್ಪತ್ತೆರಡು ಪುಟ ಬರೆದಿದ್ದಾನೆ, ಬರಿಯ ತಪ್ಪುಗಳನ್ನೇ.

"ಕಪ್ಪು ಟೇಪು, ಅನುಭವವಿಲ್ಲದ ಕೈಕೆಲಸ." ಇದನ್ನು ಅವನು ಹನ್ನೊಂದು ಕಡೆ ಬರೆದಿದ್ದಾನೆ. ನನ್ನ ಬೊಲೆಕ್ ಕ್ರೇನು ಕಾರ್ಖಾನೆಯಲ್ಲಿ ನಲವತ್ತು ವರ್ಷ ದುಡಿದವನು. ಅವನು ಬಿಗಿದ ನಟ್ಟು ಇವತ್ತಿಗೂ ಎಷ್ಟು ಬಂದರುಗಳಲ್ಲಿ ಹಡಗಿನ ಸರಕು ಎತ್ತುತ್ತಿದೆಯೋ. ನೆಲಮಾಳಿಗೆಯ ತಂತಿಗೆ ಅವನು ಟೇಪು ಸುತ್ತಿದ್ದು ನಾವು ಮದುವೆಯಾದ ಹೊಸದರಲ್ಲಿ. ಆ ದೀಪ ಇನ್ನೂ ಉರಿಯುತ್ತಿದೆಯೋ ಇಲ್ಲವೋ? ಉರಿಯುತ್ತಿದ್ದರೆ ಅನುಭವವಿಲ್ಲದವರು ಯಾರು?

ಇನ್ನು ಚರಂಡಿ ಕೊಳವೆ. ಅದರ ಜೋಡಣೆಯನ್ನು ಬೊಲೆಕ್ ಸ್ವತಃ ಅಂಗಳ ಅಗೆದು ಮಾಡಿದ. ಎರಡು ದಿನ ಹಳ್ಳದಲ್ಲೇ ಇದ್ದ, ಊಟವನ್ನು ಬಕೆಟ್ಟಿನಲ್ಲಿ ಇಳಿಸಿದೆ. ಅದು ಒಡೆಯುವ ಕೆಲಸವಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೀರು ಉಕ್ಕಿದ್ದರೆ ಮೋರಿಗೆ ನೀವೇ ಏನೋ ಹಾಕಿರಬೇಕು.

ಸ್ತಾಸ್ಯಾ ನನ್ನ ಭುಜದ ಮೇಲಿಂದ ಇದನ್ನು ಓದಿ "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಕಟ್ಟಿಕೊಂಡೋಳಿಗೂ ಹಾಗೇ ಬಿಡು" ಎಂದಳು. ಅವಳು ಮೂರು ಸಲ ಮನೆ ಮಾರಿದವಳು, ಅವಳಿಗೆ ಏನು ಗೊತ್ತು.

ಕ್ರೆಡಿಟ್ ಕೊಡುವುದಿಲ್ಲ. ಒಂದು ಡಾಲರೂ ಇಲ್ಲ.

ಇತಿ,
ಶ್ರೀಮತಿ ಗೆನೊವೆಫಾ ಸಿಕೋರಾ

*

ಮಿಲ್ವಾಕಿ
ಮಾರ್ಚ್ 22, 1994

ದೋನ್ಯಾ ಗೇನ್ಯಾ,

ನೀವು ನನ್ನನ್ನು "ನೀವು" ಎಂದಿರಿ, ಗೇನ್ಯಾ ಎನ್ನದೆ ಪೂರ್ತಿ ಹೆಸರು ಬರೆದು ರುಜು ಹಾಕಿದಿರಿ. ಒಂದು ಡಾಲರೂ ಇಲ್ಲ ಎಂದದ್ದಕ್ಕಿಂತ ಅದೇ ಹೆಚ್ಚು ಚುಚ್ಚಿತು.

ನೆಲಮಾಳಿಗೆಯ ದೀಪ ಉರಿಯುತ್ತಿದೆ. ದೋನ್ ಬೊಲೆಕ್ ಅವರ ಟೇಪಿನ ವಿಷಯ ಆ ಪರೀಕ್ಷಕನಿಗಿಂತ ನನಗೆ ಚೆನ್ನಾಗಿ ಗೊತ್ತು. ನಾವು ಬಂದ ವರ್ಷ ನಮ್ಮ ಅಡುಗೆಮನೆಯ ಕೊಳವೆ ಸೋರಿತು. ಅವರು ಟೇಪಿನ ಸುರುಳಿಯನ್ನು ಬಳೆಯ ಹಾಗೆ ಕೈಗೆ ಹಾಕಿಕೊಂಡು ಮೇಲೆ ಬಂದರು. ನನ್ನ ಮಗಳು ನೊಯೆಮಿಗೆ ಆಗ ಐದು ವರ್ಷ, ಪಕ್ಕದಲ್ಲೇ ಕೂತಳು. ಮೂರು ಸುತ್ತು ಸುತ್ತಿ, ತುದಿಯನ್ನು ಮಡಚಿ ಒಂದು ಪುಟ್ಟ ಕಿವಿ ಮಾಡಿ ಬಿಟ್ಟರು. "ಇದು ಯಾಕೆ ತಾತಾ?" ಎಂದಳು ಮಗು. "ಕಟ್ಟಿದ್ದನ್ನ ಯಾವತ್ತಾದ್ರೂ ಯಾರಾದ್ರೂ ಬಿಚ್ಚಲೇಬೇಕಲ್ಲ ಮರಿ. ಅವರ ಉಗುರು ನೋಯಬಾರದು" ಎಂದರು. ನಮ್ಮ ಮನೆಯಲ್ಲಿ ಈಗ ಯಾರು ಏನು ಕಟ್ಟಿದರೂ ನೊಯೆಮಿ ಬಂದು ಕಿವಿ ಇದೆಯೇ ಎಂದು ನೋಡುತ್ತಾಳೆ. ಲೈಲಾಕ್ ಗಿಡದ ಪಟ್ಟಿಗೂ ಕಿವಿ ಇದೆ.

ಬರೆಯಬಾರದು ಎಂದಿದ್ದೆ, ಆದರೂ ಬರೆಯುತ್ತೇನೆ. ಪರೀಕ್ಷಕ ಬರುವ ಹಿಂದಿನ ವಾರ ಮುಂದಿನ ಮೆಟ್ಟಿಲು ನೊಯೆಮಿಯ ಕಾಲ ಕೆಳಗೆ ಕುಸಿಯಿತು. ಮೊಣಕಾಲಿನವರೆಗೂ ಒಳಗೆ ಹೋದಳು. ನಾಲ್ಕು ಹೊಲಿಗೆ ಬಿದ್ದವು. ನಾನು ಅದನ್ನು ಪರೀಕ್ಷಕನಿಗೂ ಹೇಳಲಿಲ್ಲ, ಗ್ರೇಬೆಲನಿಗೂ ಹೇಳಲಿಲ್ಲ. ಅವನ ಕಿವಿಗೆ ಬಿದ್ದಿದ್ದರೆ ಇನ್ನೊಂದು ಸಾವಿರ ಸೇರಿಸಿರುತ್ತಿದ್ದ.

ಅವನು ಈಗ "ಮುದುಕಿ ಹಠ ಹಿಡಿದಿದಾಳೆ, ಬಿಟ್ಬಿಡಿ, ಬೇರೆ ಮನೆ ತೋರಿಸ್ತೀನಿ" ಎನ್ನುತ್ತಿದ್ದಾನೆ. ಬೇರೆ ಮನೆ ನಮಗೆ ಬೇಡ. ಆದರೆ ಜೂನ್ ಮುಗಿಯುವುದರೊಳಗೆ ಕ್ರಯಪತ್ರ ಆಗದಿದ್ದರೆ ಬ್ಯಾಂಕು ಕೊಟ್ಟ ಸಾಲದ ಮಾತು ಬಿದ್ದುಹೋಗುತ್ತದೆ. ಒಡೆದ ಕೊಳವೆಯ ಮನೆಯನ್ನು ಬರಿಗೈಯಲ್ಲಿ ಕೊಳ್ಳುವ ಧೈರ್ಯ ಎಲಾದಿಯೋಗೆ ಇಲ್ಲ. ನನಗೂ ಇಲ್ಲ.

ಮೋರಿಗೆ ನಾನು ಏನೂ ಹಾಕಿಲ್ಲ. ಅದೊಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ.

ನಿಮ್ಮ
ಓಫೇಲಿಯಾ

*

ಟೂಸಾನ್
ಏಪ್ರಿಲ್ 4, 1994

ಓಫೇಲಿಯಾ,

ಮಗುವಿನ ಕಾಲು ಹೇಗಿದೆ? ಅದನ್ನು ಮೊದಲ ಕಾಗದದಲ್ಲೇ ಬರೆಯಲು ನಿನಗೇನು ಧಾಡಿ? ಮೆಟ್ಟಿಲಿನ ದುಡ್ಡು ಕೊಡುತ್ತೇನೆ, ಅದರಲ್ಲಿ ಮಾತಿಲ್ಲ. ಮೋರಿಯ ಮಾತನ್ನೂ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನೀನು ಅಕ್ಕಿ ತೊಳೆದ ನೀರನ್ನು ಕೂಡ ಗಿಡಕ್ಕೆ ಹಾಕುವವಳು.

ಈಸ್ಟರ್ ಊಟಕ್ಕೆ ಸ್ತಾಸ್ಯಾಳ ಮಕ್ಕಳೆಲ್ಲ ಬಂದಿದ್ದರು. ಬೀಟ್‌ರೂಟು, ಸಾಸೇಜು, ಮೊಟ್ಟೆ, ಎಲ್ಲಾ ಇತ್ತು. ಹೊರಗೆ ಕುರ್ಚಿ ಹಾಕಿಕೊಂಡು ಬರಿಗಾಲಲ್ಲಿ ಕೂತಿದ್ದೆ. ಬಿಸಿಲು ಹಿತವಾಗಿತ್ತು. ಹಿತವಾಯಿತಲ್ಲ ಎಂದು ಎದ್ದು ಒಳಗೆ ಹೋಗಿ ಅತ್ತೆ.

ವಿಷಯ ದುಡ್ಡಿನದಲ್ಲ ಓಫೇಲಿಯಾ. ಬೊಲೆಕ್ ಇದ್ದಾಗ ಪ್ರತಿ ಚಳಿಗಾಲದಲ್ಲೂ ನಾನು ಅವನ ತಲೆ ತಿನ್ನುತ್ತಿದ್ದೆ. "ಮನೆ ಮಾರಿ ಸ್ತಾಸ್ಯಾ ಹತ್ರ ಹೋಗೋಣ, ನನ್ನ ಎದೆ ಈ ಚಳಿ ತಡೆಯಲ್ಲ" ಎನ್ನುತ್ತಿದ್ದೆ. ನಾನು ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿ ಮಲಗಿದಾಗಲೂ ಅದನ್ನೇ ಅಂದೆ. ಅವನದು ಒಂದೇ ಉತ್ತರ: "ಈ ಮನೆಯಿಂದ ನನ್ನನ್ನ ಕಾಲು ಮುಂದಾಗಿ ಹೊರಬೇಕು." ಹಾಗೆಯೇ ಹೊತ್ತರು. ಅವನು ಹೋಗಿ ಎರಡು ವರ್ಷ ತುಂಬುವ ಮೊದಲೇ ನಾನು ಬಿಸಿಲಿಗೆ ಬಂದು ಕೂತು ಅವನ ಮನೆಯನ್ನು ಮಾರುತ್ತಿದ್ದೇನೆ. ಮಾರುವುದೂ ಸಾಲದೆ, ಅವನು ಮಾಡಿದ್ದೆಲ್ಲ ಕೆಟ್ಟ ಕೆಲಸ ಎಂದು ಒಪ್ಪಿ ರುಜು ಹಾಕಬೇಕು. ಪೆನ್ನು ಹಿಡಿದರೆ ಕೈ ಏಳುವುದಿಲ್ಲ. ಮುರಿದ ಕೈ ಅಲ್ಲ, ಇನ್ನೊಂದು.

ಸ್ತಾಸ್ಯಾ ನಗುತ್ತಾಳೆ. "ಅಂಗಳದಲ್ಲಿ ಸಂತ ಯೋಸೇಫನ ಗೊಂಬೆನ ತಲೆಕೆಳಗಾಗಿ ಹೂಳಿಸೇ, ನಿನ್ನ ಮನಸ್ಸೂ ತಿರುಗುತ್ತೆ, ಮನೇನೂ ಹೋಗುತ್ತೆ" ಎನ್ನುತ್ತಾಳೆ. ಮೂರು ಮನೆಗೂ ಅವಳು ಅದನ್ನೇ ಮಾಡಿದ್ದಂತೆ. ಉಸಿರು ಕಟ್ಟಿ ಹೊರಗೆ ಬರುವ ಆತುರಕ್ಕೆ ಸಂತ ಗಿರಾಕಿಯನ್ನು ಕರೆತರುತ್ತಾನಂತೆ. ಮಾರಾಟ ಮುಗಿಯುವವರೆಗೂ ತೆಗೆಯಬಾರದು, ಮುಗಿದ ಮೇಲೆ ಹೊಸ ಮನೆಯಲ್ಲಿ ಒಳ್ಳೆಯ ಜಾಗ ಕೊಡಬೇಕು. ಗಿರಾಕಿ ಮೇಲ್ಮನೆಯಲ್ಲೇ ಇರುವಾಗ ಸಂತನಿಗೆ ಯಾಕೆ ತೊಂದರೆ ಎಂದೆ. ನಮ್ಮ ಹತ್ತಿರ ಯೋಸೇಫನೂ ಇಲ್ಲವಲ್ಲ. ನಿನ್ನ ಬಳಿ ಬಿಟ್ಟುಬಂದ ಕ್ರಿಸ್‌ಮಸ್ ಗೊಂಬೆಗಳ ಗೋದಲಿ ನೋಡಿದ್ದೀಯಲ್ಲ, ತಾಯಿ ಮರಿಯಳ ಪಕ್ಕ ಯೋಸೇಫನ ಜಾಗದಲ್ಲಿ ನಿಂತಿರುವವನು ಕುರುಬ. ಯೋಸೇಫ ಒಂದು ಕ್ರಿಸ್‌ಮಸ್ಸಿಗೆ ಪೆಟ್ಟಿಗೆ ತೆರೆದರೆ ಮಾಯ. "ಬೆಕ್ಕು ಎತ್ಕೊಂಡು ಹೋಗಿರಬೇಕು" ಎಂದ ಬೊಲೆಕ್. ಪಾಪ ನಮ್ಮ ಬೆಕ್ಕು ಪುಶೆಕ್, ಅದು ಸಾಯುವವರೆಗೂ ನಾನು ಅದನ್ನು ಮುಂದಿನ ಕೋಣೆಗೆ ಬಿಟ್ಟುಕೊಳ್ಳಲಿಲ್ಲ.

ಈಗ ಕೇಳು. ಚರಂಡಿಗೆ ಕ್ರೆಡಿಟ್ ಕೊಡುವುದಿಲ್ಲ. ನನ್ನ ಖರ್ಚಿನಲ್ಲಿ ಅಗೆಯಿಸುತ್ತೇನೆ, ಒಡೆದಿದ್ದರೆ ನಾನೇ ಹೊಸದು ಹಾಕಿಸುತ್ತೇನೆ. ಹಾಗೆ ಮಾಡುವ ಹಕ್ಕು ಮಾರುವವಳಿಗೆ ಇದೆ ಎಂದು ನನ್ನ ದಲ್ಲಾಳಿ ಹೇಳಿದ್ದಾನೆ. ಆದರೆ ಹಳ್ಳದ ಪಕ್ಕದಲ್ಲಿ ನೀನು ನಿಂತಿರಬೇಕು. ಬೊಲೆಕನ ಜೋಡಣೆ ಒಡೆದಿದ್ದರೆ ನನಗೆ ನಿಜ ಬರೆ. ಒಡೆದಿಲ್ಲದಿದ್ದರೆ ಆ ಪರೀಕ್ಷಕನನ್ನು ಕರೆದು ತೋರಿಸು.

ಗೇನ್ಯಾ

*

ಮಿಲ್ವಾಕಿ
ಏಪ್ರಿಲ್ 28, 1994

ದೋನ್ಯಾ ಗೇನ್ಯಾ,

ಕುಳಿತುಕೊಂಡು ಓದಿ. ಸ್ತಾಸ್ಯಾ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ನೆಲ ಕರಗಿದ ಮೇಲೆ ನಿನ್ನೆ ಕೊಳಾಯಿಯವರು ಬಂದರು. ನಾನು ಕೆಲಸಕ್ಕೆ ರಜೆ ಹಾಕಿ ಲೈಲಾಕ್ ಗಿಡದ ಪಕ್ಕದಲ್ಲೇ ನಿಂತಿದ್ದೆ. ಮಧ್ಯಾಹ್ನಕ್ಕೆ ಆಳದಲ್ಲಿ ಕೊಳವೆ ಕಂಡಿತು. ದೋನ್ ಬೊಲೆಕ್ ಮಾಡಿದ ಜೋಡಣೆ ಇದ್ದ ಹಾಗೇ ಇದೆ. ಕೊಳಾಯಿಯವನು ಇಳಿದು ಸುತ್ತಿಗೆಯಿಂದ ತಟ್ಟಿ ನೋಡಿ "ಇದನ್ನ ಯಾರು ಹಾಕಿದ್ದು? ಡೈನಮೈಟ್ ಇಟ್ರೂ ಬರಲ್ಲ" ಎಂದ. ಕೊಳವೆ ಒಡೆದದ್ದು ಅದರಿಂದ ಆಚೆ, ಬೀದಿಯ ಕಡೆ, ಮೇಪಲ್ ಮರದ ಬೇರು ನುಗ್ಗಿದ ಜಾಗದಲ್ಲಿ. ಪರೀಕ್ಷಕನೂ ಸರಿ, ನೀವೂ ಸರಿ.

ಆದರೆ ನಾನು ಬರೆಯಲು ಕುಳಿತದ್ದು ಅದಕ್ಕಲ್ಲ.

ಕೊಳವೆ ಸಿಗುವುದಕ್ಕೆ ಬಹಳ ಮೊದಲು, ಒಂದು ಮೊಳ ಅಗೆಯುವಷ್ಟರಲ್ಲೇ ಗುದ್ದಲಿಗೆ ಏನೋ ತಗುಲಿತು. ಒಂದು ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ, ಹೋದ ವರ್ಷ ಮುಚ್ಚಿತಲ್ಲ, ಆ ಮೂಲೆಯ ಬೇಕರಿಯದು. ಮಣ್ಣು ಒರೆಸಿದರೆ ಒಳಗಿನದು ಕಾಣುತ್ತದೆ. ಕಂದು ಮೇಲಂಗಿ, ಗಡ್ಡ, ಕೈಯಲ್ಲಿ ಕೋಲು. ನಿಮ್ಮ ಗೋದಲಿಯ ಯೋಸೇಫ, ದೋನ್ಯಾ ಗೇನ್ಯಾ. ತಲೆ ಕೆಳಗೆ, ಪಾದ ಮೇಲೆ. ಚೀಲದ ಬಾಯಿಗೆ ಕಪ್ಪು ಟೇಪು, ಮೂರು ಸುತ್ತು. ತುದಿಯಲ್ಲಿ ಕಿವಿ.

ನೊಯೆಮಿ ಶಾಲೆಯಿಂದ ಬಂದು ನೋಡಿದವಳೇ "ತಾತಂದು" ಎಂದಳು.

ರಾತ್ರಿ ಎಲಾದಿಯೋ ಊಟ ಮಾಡುತ್ತಾ ಇದ್ದಕ್ಕಿದ್ದಂತೆ ತುತ್ತು ಕೈಯಲ್ಲೇ ಹಿಡಿದು ಕೂತ. ನಾವು ಬಾಡಿಗೆಗೆ ಮನೆ ನೋಡಲು ಬಂದ ವಸಂತದಲ್ಲಿ ಅಂಗಳದಲ್ಲಿ ಹೊಸ ಮಣ್ಣಿತ್ತಂತೆ. ಮೆಟ್ಟಿಲು ಇಳಿಯುವಾಗ ದೋನ್ ಬೊಲೆಕ್ ಅವನ ತೋಳು ಹಿಡಿದು ಮೆಲ್ಲಗೆ "ಬಾಡಿಗೆ ಯಾಕಪ್ಪಾ, ಪೂರ್ತಿ ಮನೇನೇ ತಗೊಂಡ್ಬಿಡಿ. ನನ್ನ ಹೆಂಡತೀನ ಬಿಸಿಲಿರೋ ಕಡೆ ಕರ್ಕೊಂಡ್ ಹೋಗ್ಬೇಕು. ಅವಳಿಗೆ ಇನ್ನೂ ಹೇಳಿಲ್ಲ, ಬಾಯಿ ಬಿಡಬೇಡ" ಎಂದರಂತೆ. ಆಗ ನಮ್ಮ ಹತ್ತಿರ ಒಂದು ತಿಂಗಳ ಬಾಡಿಗೆಗೇ ತತ್ವಾರ. ತಮಾಷೆ ಎಂದುಕೊಂಡು ಎಲಾದಿಯೋ ನಕ್ಕುಬಿಟ್ಟ. ಅವರೂ ನಕ್ಕರು. ಬಾಯಿ ಬಿಡಬೇಡ ಎಂದದ್ದನ್ನು ಪಾಲಿಸಿ ಪಾಲಿಸಿ ಮರೆತೇ ಹೋಗಿತ್ತಂತೆ. ಅವನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನೆನಪು ಮಾಡಿಕೊಂಡು ನೋಡಿ. ಆ ವರ್ಷ ಮನೆಯ ಮುಂದೆ ಮಾರಾಟಕ್ಕಿದೆ ಎಂಬ ಬೋರ್ಡು ಇರಲಿಲ್ಲ. ಬೋರ್ಡು ಹಾಕಿದರೆ ನಿಮಗೆ ಗೊತ್ತಾಗುತ್ತಿತ್ತು. ಚರ್ಚಿನ ಅಂಗಡಿಯಲ್ಲಿ ಹೊಸ ಯೋಸೇಫನನ್ನು ಕೊಂಡಿದ್ದರೂ ಆ ಅಂಗಡಿಯವಳು ನಿಮಗೆ ಹೇಳಿಬಿಡುತ್ತಿದ್ದಳು. ಅದಕ್ಕೇ ಗೋದಲಿಯಿಂದ ಎತ್ತಿ, ಕೊಳವೆಗೆಂದು ಹೇಗೂ ಅಗೆದ ಹಳ್ಳವನ್ನು ಮುಚ್ಚುವಾಗ ಇಟ್ಟುಬಿಟ್ಟಿದ್ದಾರೆ. ಬೋರ್ಡಿಲ್ಲದೆ, ದಲ್ಲಾಳಿಯಿಲ್ಲದೆ, ಎಲ್ಲವನ್ನೂ ಸಂತನ ಮೇಲೇ ಹಾಕಿ ಗಿರಾಕಿ ಬರಲಿ ಎಂದು ಕಾದಿದ್ದಾರೆ.

ಚೀಲವನ್ನು ನಾನು ಬಿಚ್ಚಿಲ್ಲ. ಆ ಕಿವಿ ನಮಗಾಗಿ ಬಿಟ್ಟದ್ದಲ್ಲ. ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆ ಮಾಡಿ ಇವತ್ತೇ ಅಂಚೆಗೆ ಹಾಕುತ್ತಿದ್ದೇನೆ.

ನಿಮ್ಮ
ಓಫೇಲಿಯಾ

*

ಟೂಸಾನ್
ಮೇ 23, 1994

ಓಫೇಲಿಯಾ,

ಇಷ್ಟು ದಿನ ಬರೆಯಲಾಗಲಿಲ್ಲ. ಪೆಟ್ಟಿಗೆ ತಲುಪಿತು. ಚೀಲ ಮೇಜಿನ ಮೇಲಿದೆ. ಊಟ ಮಾಡುವಾಗ ಆ ಕಡೆ ನೋಡುತ್ತೇನೆ, ಆಮೇಲೆ ಊಟ ಸೇರುವುದಿಲ್ಲ.

ಎಂಥ ಮೊಂಡ ನೋಡು. ನಾನು ಕೇಳಿದಾಗಲೆಲ್ಲ ಆಗುವುದಿಲ್ಲ ಎನ್ನುತ್ತಲೇ ಇದ್ದ, ಹಿಂದಿನಿಂದ ಹೋಗಿ ಸಂತನನ್ನು ಹೂತ. ಮನೆ ಹೋಗದಿದ್ದರೆ ನನಗೆ ಆಸೆ ಹುಟ್ಟಿಸಿ ಕೆಡಿಸಿದಂತಾಗುತ್ತದೆ ಎಂದುಕೊಂಡಿರಬೇಕು. ಅಥವಾ ಸೋತೆ ಎಂದು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿರಬೇಕು. ಮೂರೂವರೆ ವರ್ಷ ಅದೇ ಅಂಗಳದಲ್ಲಿ ಹುಲ್ಲು ಕತ್ತರಿಸಿಕೊಂಡಿದ್ದನಲ್ಲ, ಒಂದು ದಿನವಾದರೂ ಹೇಳಬಾರದಿತ್ತೇ? ನಾನು ಬೈದಿರುತ್ತಿದ್ದೆ. ಆಮೇಲೆ ಅವನ ಜೊತೆ ಹೋಗಿ ಬೋರ್ಡು ಕೊಂಡು ತಂದಿರುತ್ತಿದ್ದೆ.

ಸ್ತಾಸ್ಯಾ ಹೇಳುತ್ತಾಳೆ, ಬೊಲೆಕನ ಯೋಸೇಫ ಗಿರಾಕಿಯನ್ನು ಆ ವಸಂತದಲ್ಲೇ ತಂದು ಮೇಲ್ಮನೆಯಲ್ಲಿ ಕೂರಿಸಿದ, ದುಡ್ಡು ಹೊಂದಿಸಲು ನೀವು ಐದು ವರ್ಷ ತೆಗೆದುಕೊಂಡರೆ ಅದು ಸಂತನ ತಪ್ಪೇ ಎಂದು.

ಕೊಳವೆಯ ಖರ್ಚು ಕೊಟ್ಟಾಯಿತು. ಅದರ ಮೇಲೆ ನಾಲ್ಕು ಸಾವಿರದ ಎಂಟುನೂರನ್ನೂ ಪೂರ್ತಿ ಬೆಲೆಯಲ್ಲಿ ಇಳಿಸಲು ದಲ್ಲಾಳಿಗೆ ಹೇಳಿದ್ದೇನೆ. ತಂತಿ ಹೊಸದು ಹಾಕಿಸು. ಚಿಮಣಿ ಸರಿಮಾಡಿಸು. ರುಜು ಹಾಕುತ್ತೇನೆ. ಈಗ ಕೈ ಏಳುತ್ತದೆ.

ಚೀಲ ಬಿಚ್ಚುವುದಿಲ್ಲ. ಮಾರಾಟ ಮುಗಿಯುವವರೆಗೂ ಸಂತನನ್ನು ಹೊರಗೆ ತೆಗೆಯಬಾರದು. ಅವನು ಮಾಡಿಟ್ಟ ಕೆಲಸ ಪೂರ್ತಿಯಾಗಲಿ.

ಗೇನ್ಯಾ

*

ಮಿಲ್ವಾಕಿ
ಮೇ 30, 1994

ದೋನ್ಯಾ ಗೇನ್ಯಾ,

ಆಗುವುದಿಲ್ಲ. ಆ ನಾಲ್ಕು ಸಾವಿರದ ಎಂಟುನೂರರಲ್ಲಿ ಕೊಳವೆಯದೂ ಸೇರಿತ್ತು. ಅದನ್ನು ನೀವು ಮಾಡಿಸಿಕೊಟ್ಟ ಮೇಲೆ ಎರಡು ಸಲ ಕೊಟ್ಟಂತಾಗುತ್ತದೆ. ಮೆಟ್ಟಿಲನ್ನು ಎಲಾದಿಯೋ ತಾನೇ ಕಟ್ಟುತ್ತಾನಂತೆ, ಮರದ ದುಡ್ಡು ಸಾಕು. ಎರಡು ಸಾವಿರಕ್ಕೆ ಮುಗಿಸಿ. ಹೆಚ್ಚು ಕೊಟ್ಟರೆ ನಾನು ಕೊಳ್ಳುವುದಿಲ್ಲ.

ಗ್ರೇಬೆಲ್ ಎರಡೂ ಕಡೆಯ ಕಾಗದ ಮುಂದಿಟ್ಟುಕೊಂಡು ತಲೆ ಹಿಡಿದು ಕೂತಿದ್ದಾನೆ. "ಮಾರೋಳು ಹೆಚ್ಚು ಇಳಿಸ್ತೀನಿ ಅಂತಾಳೆ, ಕೊಳ್ಳೋಳು ಕಮ್ಮಿ ಸಾಕು ಅಂತಾಳೆ. ನನ್ನ ಜನ್ಮದಲ್ಲಿ ಇಂಥ ಚೌಕಾಸಿ ನೋಡಿಲ್ಲ. ನಿಮ್ಮಿಬ್ಬರ ನಡುವೆ ಏನು ನಡೀತಿದೆ?" ಎಂದ. ಕದ್ದು ಕಾಗದ ಬರೆಯುತ್ತಿದ್ದೇವೆ ಎಂದು ಹೇಳಿಬಿಟ್ಟೆ.

ಲೈಲಾಕ್ ಹೂಬಿಟ್ಟಿದೆ. ಸೀಳಿದ ಕೊಂಬೆಯಲ್ಲೂ ಹೂವಿದೆ. ಪಟ್ಟಿ ಬಿಚ್ಚಬಹುದೇ ಎಂದು ನೊಯೆಮಿ ದಿನಾ ಕೇಳುತ್ತಾಳೆ.

ನಿಮ್ಮ
ಓಫೇಲಿಯಾ

*

ಟೂಸಾನ್
ಜೂನ್ 7, 1994

ಮೂರು ಸಾವಿರದ ಐನೂರು. ಇನ್ನು ಒಂದು ಮಾತಾಡಿದರೆ ಮನೆಯನ್ನೇ ಮಾರುವುದಿಲ್ಲ. ನನ್ನ ಹಠ ನಿನಗೆ ಗೊತ್ತಿಲ್ಲ.

ಪಟ್ಟಿ ಈಗಲೇ ಬಿಚ್ಚಬೇಡಿ. ಎಲೆ ಉದುರುವವರೆಗೂ ಇರಲಿ.

ಗೇನ್ಯಾ

*

ಟೂಸಾನ್
ಜೂನ್ 29, 1994

ನನ್ನ ಓಫೇಲಿಯಾ,

ನಿನ್ನೆ ಸಂಜೆ ನನ್ನ ದಲ್ಲಾಳಿ ಫೋನು ಮಾಡಿದ್ದ. ನನಗೆ ಕೇಳಿಸಲಿಲ್ಲ. ಸ್ತಾಸ್ಯಾ ರಿಸೀವರ್ ಕಿತ್ತುಕೊಂಡು ಕೇಳಿಸಿಕೊಂಡು, ನನ್ನ ಕಿವಿಯ ಹತ್ತಿರ ಬಂದು "ಮುಗೀತು ಕಣೇ, ಮನೆ ಅವರದಾಯ್ತು" ಎಂದು ಕೂಗಿದಳು. ಪಕ್ಕದ ಮನೆಯವರೂ ಹೊರಗೆ ಬಂದು ನೋಡಿದರು.

ಮನೆ ನಿಮಗೆ ಸುಖ ತರಲಿ. ಕೆಳಮನೆಯ ಒಲೆಯ ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಮುಚ್ಚಬೇಕು, ಅದು ಪರೀಕ್ಷಕನ ಕಣ್ಣಿಗೆ ಬಿದ್ದಿಲ್ಲ. ಗೋದಲಿ ನಿನ್ನಲ್ಲೇ ಇರಲಿ. ಕುರುಬನೇ ಮರಿಯಳ ಪಕ್ಕ ನಿಲ್ಲಲಿ, ಇಷ್ಟು ವರ್ಷ ನಿಂತು ಅವನಿಗೂ ರೂಢಿಯಾಗಿದೆ. ನಿನ್ನ ಮನೆಗೆ ಬೆಕ್ಕು ಬಂದರೆ ಮುಂದಿನ ಕೋಣೆಗೆ ಬಿಟ್ಟುಕೋ.

ಇವತ್ತು ಬೆಳಗ್ಗೆ ಸ್ತಾಸ್ಯಾ ಏಳುವ ಮೊದಲೇ ಚೀಲವನ್ನು ಎತ್ತಿಕೊಂಡು ಹೊರಗಿನ ಕುರ್ಚಿಯಲ್ಲಿ ಕುಳಿತೆ. ಬಿಸಿಲು ಆಗತಾನೇ ಬರುತ್ತಿತ್ತು. ಐದು ವರ್ಷ ಮಣ್ಣಿನಲ್ಲಿದ್ದ ಟೇಪು, ಕತ್ತರಿ ಬೇಕಾದೀತು ಎಂದು ಅದನ್ನೂ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಮುರಿದ ಕೈಯ ಬೆರಳು ಇನ್ನೂ ಸರಿಯಾಗಿ ಮಡಚುವುದಿಲ್ಲ, ನಿನಗೆ ಗೊತ್ತು. ಆ ಕೈಯಲ್ಲೇ ಕಿವಿಯನ್ನು ಹಿಡಿದೆ.

ಕತ್ತರಿ ಬೇಕಾಗಲಿಲ್ಲ ಓಫೇಲಿಯಾ. ಒಂದು ಎಳೆತ, ಮೂರು ಸುತ್ತೂ ಬಿಚ್ಚಿಕೊಂಡು ಬಂದವು. ಉಗುರು ನೋಯಲಿಲ್ಲ.

ಯೋಸೇಫನನ್ನು ಒರೆಸಿ ಕಿಟಕಿಯ ಕಟ್ಟೆಯ ಮೇಲೆ ತಲೆ ಮೇಲಾಗಿ ನಿಲ್ಲಿಸಿದ್ದೇನೆ. ಮಧ್ಯಾಹ್ನದವರೆಗೂ ಅಲ್ಲಿಗೆ ಬಿಸಿಲು ಬರುತ್ತದೆ. ನಾನೂ ಅಲ್ಲೇ ಕೂತಿದ್ದೇನೆ, ಬರಿಗಾಲಲ್ಲಿ.

ನಿನ್ನ
ಗೇನ್ಯಾ